16 ಗಂಟೆ ಫುಟೇಜ್ ಇದೆ, ಸಿನಿಮಾ ಎಲ್ಲಿ?

ಪ್ರಶ್ನೆ: ಸರ್, ನಾನು ಪತ್ರಿಕೋದ್ಯಮ ಎಂ.ಎ. ಕೊನೇ ಸೆಮಿಸ್ಟರ್ ವಿದ್ಯಾರ್ಥಿ, ಬಾಗಲಕೋಟೆ ಕಡೆಯವನು. ಪ್ರಾಜೆಕ್ಟ್‌ಗೆಂದು ಗುಳೇದಗುಡ್ಡದಲ್ಲಿ ಕೈಮಗ್ಗದ ಮೇಲೆ ಖಣ ನೇಯುವ ಒಬ್ಬ ಹಿರಿಯರ ಬಗ್ಗೆ ಸಾಕ್ಷ್ಯಚಿತ್ರ ಮಾಡ್ತಾ ಇದ್ದೇನೆ. 16 ಗಂಟೆ ಫುಟೇಜ್ ಆಗಿದೆ, ಎಲ್ಲ ಮೊಬೈಲ್‌ನಲ್ಲೇ. ಎಡಿಟ್‌ಗೆ ಕೂತರೆ ಕಥೆನೇ ಸಿಗ್ತಿಲ್ಲ, ಬರೀ ಮಾತು. ಪಕ್ಕದ ಮನೆಯ ಪವರ್‌ಲೂಮ್ ಸದ್ದು ಎಲ್ಲ ಕಡೆ ತುಂಬಿಕೊಂಡಿದೆ, ಅದನ್ನು ತೆಗೆಯೋದು ಹೇಗೆ? ಅಜ್ಜಾರು ಒಂದು ಕಡೆ ತಮ್ಮ ಸಾಲ, ಮಾಲೀಕರು ಕೊಡುವ ಮಜೂರಿ ಬಗ್ಗೆ ಮನಸ್ಸು ಬಿಚ್ಚಿ ಹೇಳಿದ್ದಾರೆ. ಅದೇ ನನ್ನ ಚಿತ್ರದ ಜೀವ. ಈಗ ಅವರ ಮಗ ಫೋನ್ ಮಾಡಿ ಅದನ್ನು ತೆಗೀರಿ ಅಂತಿದ್ದಾರೆ. ಆದರೆ ಅಜ್ಜಾರ ಸಹಿ ಇರುವ ಒಪ್ಪಿಗೆ ಪತ್ರ ನನ್ನ ಹತ್ರ ಇದೆ. ಒಳ್ಳೆ ಕ್ಯಾಮೆರಾದಲ್ಲಿ ತೆಗೆದಿದ್ದರೆ ಮಾತ್ರ ಪೋರ್ಟ್‌ಫೋಲಿಯೊ ನೋಡ್ತಾರೆ ಅಂತಾರೆ ಗೆಳೆಯರು. ಒಂದೂವರೆ ಲಕ್ಷ ಸಾಲ ಮಾಡಿ ಕ್ಯಾಮೆರಾ ತಗೊಳ್ಳಲಾ? ಫೆಸ್ಟಿವಲ್‌ಗಳಿಗೆ ಕಳಿಸಲಾ? ಮುಂದೆ ಇದೇ ಕ್ಷೇತ್ರದಲ್ಲಿ ಇರಬೇಕು ಅಂತ ಆಸೆ.

ಉತ್ತರ: ನಿಮ್ಮ ಪತ್ರದಲ್ಲಿ ಐದಾರು ಪ್ರಶ್ನೆ ಇವೆ. ಆದರೆ ಒಳಗಿರೋ ಅಂಜಿಕೆ ಒಂದೇ ಅನ್ನಿಸ್ತು. ಇಷ್ಟು ದಿನ ಓಡಾಡಿ ತೆಗೆದದ್ದು ಕೊನೆಗೆ ನನ್ನನ್ನು ಎಲ್ಲಿಗೂ ಕರೆದುಕೊಂಡು ಹೋಗದಿದ್ದರೆ ಏನು ಗತಿ, ಅಂತ. ಅದಕ್ಕೇ ಕ್ಯಾಮೆರಾ ಕೊಳ್ಳಬೇಕು, ಸಾಲದ ಮಾತು ಉಳಿಸಿಕೊಳ್ಳಬೇಕು, ಹತ್ತು ಫೆಸ್ಟಿವಲ್‌ಗೆ ಕಳಿಸಬೇಕು ಅಂತೆಲ್ಲ ಅನ್ನಿಸೋದು. ನಾನು ಎಡಿಟಿಂಗ್‌ನಿಂದ ಬಂದವನು. ಸಹಾಯಕರನ್ನು ಆರಿಸೋಕೆ ಹುಡುಗರ ಕೆಲಸ ನೋಡುವುದು ನನ್ನ ಪಾಡು. ಆ ಕಡೆಯಿಂದ ಕಂಡದ್ದನ್ನು ಹೇಳ್ತೀನಿ.

ಮೊದಲು ಕ್ಯಾಮೆರಾ ವಿಷಯ ಮುಗಿಸಿಬಿಡೋಣ. ಬೇಡ. ಸಾಲ ಮಾಡಿ ಅಂತೂ ಬೇಡವೇ ಬೇಡ. ಪೋರ್ಟ್‌ಫೋಲಿಯೊ ನೋಡುವವರು ಚಿತ್ರ ಸ್ವಲ್ಪ ಮಂಕಾಗಿದ್ದರೆ ಸಹಿಸಿಕೊಳ್ತಾರೆ. ಮಾತು ಕೇಳಿಸದಿದ್ದರೆ ಒಂದು ನಿಮಿಷವೂ ಕೂರುವುದಿಲ್ಲ. ನೀವು ಸಾಲ ಮಾಡಿ ತಂದ ಕ್ಯಾಮೆರಾದ ಮೇಲಿರುವ ಮೈಕ್ ಕೂಡ ಅಜ್ಜಾರಿಂದ ಆರು ಅಡಿ ದೂರದಲ್ಲೇ ಇರುತ್ತದೆ, ಅಲ್ವಾ? ಹಾಗಾಗಿ ಕೈಯಲ್ಲಿ ದುಡ್ಡಿದ್ದರೆ ಕೆಲವು ಸಾವಿರದ ಒಂದು ವೈರ್‌ಲೆಸ್ ಕಾಲರ್ ಮೈಕ್ ತಗೊಳ್ಳಿ. ಒಳ್ಳೆ ಲೆನ್ಸ್, ಕ್ಯಾಮೆರಾ ಬೇಕೇ ಬೇಕು ಅನ್ನಿಸಿದ ಎರಡು ದಿನಕ್ಕೆ ಬಾಡಿಗೆಗೆ ತನ್ನಿ. ಬೆಂಗಳೂರು, ಹುಬ್ಬಳ್ಳಿಯಲ್ಲಿ ಮದುವೆ ಶೂಟ್ ಮಾಡುವವರ ಹತ್ತಿರವೇ ಸಿಗುತ್ತದೆ.

ಹಾಗಂತ ಮೊಬೈಲ್‌ಗೂ ಅದರದೇ ಕಾಟಗಳಿವೆ, ಅವು ಗೊತ್ತಿರಬೇಕು. ಬೆಳಕು ಕಡಿಮೆಯಾದರೆ ಹೆಚ್ಚಿನ ಫೋನ್‌ಗಳು ಫ್ರೇಮ್ ರೇಟನ್ನು, ಅಂದರೆ ಸೆಕೆಂಡಿಗೆ ಎಷ್ಟು ಚಿತ್ರ ಅನ್ನೋದನ್ನು, ತಾವೇ ಏರಿಳಿಸುತ್ತವೆ. ಆಮೇಲೆ ಎಡಿಟ್‌ನಲ್ಲಿ ಬೇರೆ ರೆಕಾರ್ಡರ್‌ನ ಆಡಿಯೋ ಜೋಡಿಸಿದರೆ ಮೊದಲು ಸರಿ ಇದ್ದದ್ದು ಐದು ನಿಮಿಷ ಕಳೆಯೋದ್ರೊಳಗೆ ತುಟಿಗೂ ಮಾತಿಗೂ ತಾಳ ತಪ್ಪುತ್ತದೆ. ನಿಮ್ಮ ಈಗಿನ ಫುಟೇಜನ್ನು ಹ್ಯಾಂಡ್‌ಬ್ರೇಕ್‌ನಂಥ ಉಚಿತ ಸಾಫ್ಟ್‌ವೇರ್‌ನಲ್ಲಿ ಸ್ಥಿರ ಫ್ರೇಮ್ ರೇಟ್‌ಗೆ ಬದಲಿಸಿಕೊಳ್ಳಿ. ಇನ್ನು ಮುಂದೆ ತೆಗೆಯೋದನ್ನು ಬ್ಲ್ಯಾಕ್‌ಮ್ಯಾಜಿಕ್ ಕ್ಯಾಮೆರಾ ತರದ ಉಚಿತ ಆ್ಯಪ್‌ನಲ್ಲಿ 25 ಫ್ರೇಮ್, ಶಟರ್ (ಪ್ರತಿ ಫ್ರೇಮ್‌ಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡ್ ಅಂತ ಬೀಗ ಹಾಕಿ ತೆಗೆಯಿರಿ. ನಮ್ಮ ಕರೆಂಟು 50 ಹರ್ಟ್ಸ್, ಅಂದರೆ ಟ್ಯೂಬ್‌ಲೈಟು ಸೆಕೆಂಡಿಗೆ 100 ಸಲ ಮಿನುಗುತ್ತದೆ, 1/50 ಶಟರ್ ಅದಕ್ಕೆ ಸರಿ ಹೊಂದುತ್ತದೆ. ಫೋನ್ ಬಿಟ್ಟ ಹಾಗೆ 30 ಫ್ರೇಮ್‌ನಲ್ಲಿ, 1/60 ಶಟರ್‌ನಲ್ಲಿ ತೆಗೆದಾಗ ಗೋಡೆ ಮೇಲೆ ಅಲೆ ಅಲೆಯಾಗಿ ಕಪ್ಪು ಪಟ್ಟಿ ಓಡಾಡೋದು ಇದೇ ಕಾರಣಕ್ಕೆ. ಮಗ್ಗದ ಕೋಣೆ ಕತ್ತಲು ಅಂತ ಸೀಲಿಂಗ್ ದೀಪ ಹಾಕಬೇಡಿ. ಅಜ್ಜಾರ ಮುಖ ಬಾಗಿಲ ಕಡೆ ಇರುವ ಹಾಗೆ ನೀವು ಜಾಗ ಬದಲಿಸಿ ನೋಡಿ, ಸಾಕು.

ಈಗ ಪವರ್‌ಲೂಮ್ ಸದ್ದು. ಇಲ್ಲಿ ಸ್ವಲ್ಪ ನಿಲ್ಲಬೇಕು, ಯಾಕಂದ್ರೆ ನಿಮ್ಮ ಕಥೆ ಸಿಗದೇ ಇರೋದಕ್ಕೂ ಇದಕ್ಕೂ ಸಂಬಂಧ ಇದೆ ಅನ್ನೋದು ನನ್ನ ಅನುಮಾನ.

ಸದ್ದು ತೆಗೆಯುವ ಸಾಫ್ಟ್‌ವೇರ್‌ಗಳು ಫ್ಯಾನ್, ಎಸಿಯಂಥ ಒಂದೇ ಸಮನೆ ಬರುವ ಸದ್ದನ್ನು ಚೆನ್ನಾಗಿ ತೆಗೆಯುತ್ತವೆ. ಮಗ್ಗದ ಖಟಖಟ ಹಾಗಲ್ಲ. ಅದು ಪ್ರತಿ ಹೊಡೆತಕ್ಕೂ ಮಾತಿನ ಅಕ್ಷರದ ಮೇಲೇ ಬಂದು ಬೀಳುತ್ತದೆ. ಒತ್ತಾಯ ಮಾಡಿ ತೆಗೆದರೆ ಅಜ್ಜಾರು ತಗಡಿನ ಡಬ್ಬಿಯೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ಆದದ್ದು ಆಯಿತು, ಅದನ್ನು ಸ್ವಲ್ಪವೇ ತಗ್ಗಿಸಿ, ಪೂರ್ತಿ ಅಳಿಸೋಕೆ ಹೋಗಬೇಡಿ. ಮುಂದಿನ ಸಲಕ್ಕೆ ಒಂದು ಲೆಕ್ಕ ನೆನಪಿಡಿ. ಮೈಕ್‌ಗೂ ಬಾಯಿಗೂ ಇರುವ ದೂರ ಅರ್ಧ ಮಾಡಿದರೆ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ, ಪಕ್ಕದ ಮನೆ ಸದ್ದು ಮಾತ್ರ ಇದ್ದಷ್ಟೇ ಇರುತ್ತದೆ. ಎದೆಗೆ ಸಿಕ್ಕಿಸುವ ಪುಟ್ಟ ಮೈಕ್ ಲಕ್ಷದ ಕ್ಯಾಮೆರಾಕ್ಕಿಂತ ಉಪಯೋಗಕ್ಕೆ ಬರೋದು ಹೀಗೆ. ದನಿ ಏರಿದಾಗಲೂ ರೆಕಾರ್ಡಿಂಗ್ ಮಟ್ಟ ತೋರಿಸುವ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರಲಿ. ಮಾತು ಮುಗಿದ ಮೇಲೆ ಎಲ್ಲರೂ ಸುಮ್ಮನಿದ್ದು ಆ ಕೋಣೆಯ ಬರೀ ಸದ್ದನ್ನು ಅರ್ಧ ನಿಮಿಷ ರೆಕಾರ್ಡ್ ಮಾಡಿ, ಎಡಿಟ್‌ನಲ್ಲಿ ತೇಪೆ ಹಚ್ಚೋಕೆ ಬೇಕಾಗುತ್ತದೆ. ಕೈಮಗ್ಗದ ಸದ್ದು ಬೇರೆ, ಪವರ್‌ಲೂಮ್ ಸದ್ದು ಬೇರೆ, ಬೀದಿಯಲ್ಲಿ ನಿಂತರೆ ಎರಡೂ ಸೇರಿ ಕೇಳುವುದು ಬೇರೆ. ಇವನ್ನೂ ಒಂದೊಂದಾಗಿ ತಗೊಳ್ಳಿ.

ಇಷ್ಟೆಲ್ಲ ಹೇಳಿದ ಮೇಲೂ ನಂಗೆ ಕೇಳಬೇಕು ಅನ್ನಿಸೋದು ಬೇರೆಯೇ. ಆ ಸದ್ದನ್ನು ಯಾಕೆ ತೆಗೀಬೇಕು? ಒಬ್ಬರು ಕೈಯಲ್ಲಿ ಲಾಳಿ ಓಡಿಸ್ತಾ ಕೂತಿದ್ದಾರೆ, ಗೋಡೆಯಾಚೆ ಅದೇ ಕೆಲಸವನ್ನು ಯಂತ್ರ ದಿನವಿಡೀ ಹಲವು ಪಟ್ಟು ವೇಗದಲ್ಲಿ ಮಾಡ್ತಿದೆ, ಆ ಸದ್ದು ಕೇಳಿಸಿಕೊಳ್ಳುತ್ತಲೇ ಅವರು ಊಟ ಮಾಡ್ತಾರೆ, ನಿದ್ದೆ ಮಾಡ್ತಾರೆ, ನಿಮ್ಮ ಹತ್ರ ಮಾತಾಡ್ತಾರೆ. ಇದಕ್ಕಿಂತ ಕಥೆ ಬೇಕಾ? ಕೈಮಗ್ಗದ ಚಿತ್ರ ಅಂದ ಕೂಡಲೇ ಹಿಂದೆ ಕೊಳಲು ಹಾಕಿ, ನೂಲಿನ ಕ್ಲೋಸಪ್ ತೋರಿಸಿ, ಪವರ್‌ಲೂಮ್ ಫ್ರೇಮ್‌ಗೆ ಬಾರದ ಹಾಗೆ ನೋಡಿಕೊಳ್ಳೋದು ನಮ್ಮಲ್ಲಿ ಒಂದು ಚಾಳಿ ಆಗಿಬಿಟ್ಟಿದೆ. ನೋಡೋಕೆ ಚಂದ, ಆದರೆ ಗುಳೇದಗುಡ್ಡದ ಯಾವ ಓಣಿಯೂ ಹಾಗಿಲ್ಲ. ಕರೆಂಟ್ ಹೋದಾಗ ಅಲ್ಲಿ ಏನಾಗುತ್ತದೆ ಯೋಚನೆ ಮಾಡಿ. ಪಕ್ಕದ ಮನೆ ನಿಲ್ಲುತ್ತದೆ, ಅಜ್ಜಾರ ಮಗ್ಗ ನಿಲ್ಲುವುದಿಲ್ಲ. ನಿಮ್ಮ 16 ಗಂಟೆಯಲ್ಲಿ ಅಂಥ ಗಳಿಗೆ ಇದೆಯಾ ಹುಡುಕಿ. ಇಲ್ಲದಿದ್ದರೆ ಅದಕ್ಕಾಗಿಯೇ ಕಾದು ತೆಗೆಯಿರಿ, ಸಂದರ್ಶನಕ್ಕೂ ಆಗ ಒಳ್ಳೆ ಆಡಿಯೋ ಸಿಗುತ್ತದೆ.

ಕಥೆ ಸಿಗದಿರೋದಕ್ಕೆ ಇನ್ನೊಂದು ಕಾರಣ ನಿಮ್ಮ ಪತ್ರದಲ್ಲೇ ಇದೆ. 'ಬರೀ ಮಾತು' ಅಂದಿದ್ದೀರಿ. ಪತ್ರಿಕೋದ್ಯಮ ಓದಿದವರು ಹೆಚ್ಚಾಗಿ ಹೀಗೇ ಶುರು ಮಾಡ್ತಾರೆ. ಪ್ರಶ್ನೆ ಕೇಳು, ಉತ್ತರ ತಗೋ, ಮೇಲೆ ಹೊದಿಸೋಕೆ ಮಗ್ಗ, ನೂಲು, ಕೈ, ಕಾಲು. ಉತ್ತರದಲ್ಲಿ ಬರೋದೆಲ್ಲ ಆಗಿ ಹೋದ ಸಂಗತಿ. ಹಿಂದೆ ಹಾಗಿತ್ತು, ಈಗ ಹೀಗಾಗಿದೆ. ಕ್ಯಾಮೆರಾ ಎದುರು ಏನೂ ನಡೀತಾ ಇಲ್ಲ. ಹಾಗಾಗಿ ಎಲ್ಲಿ ಕತ್ತರಿಸಿದರೂ ಒಂದೇ, ಎಲ್ಲಿಂದ ಶುರು ಮಾಡಿದರೂ ಒಂದೇ. ಎಡಿಟರ್ ಏನು ಮಾಡ್ಯಾನು?

ಬೇಕಾಗಿರೋದು ನಡೆಯುವ ಸಂಗತಿ. ಮಾಲೀಕರ ಮನೆಯಿಂದ ನೂಲು ಬರುವ ದಿನ. ನೇಯ್ದ ಖಣ ಒಪ್ಪಿಸಿ ಮಜೂರಿ ಎಣಿಸಿಕೊಳ್ಳುವ ದಿನ. ಹಾಸು, ಅಂದರೆ ಮಗ್ಗದ ಉದ್ದಕ್ಕೂ ಕಟ್ಟಿದ ನೂಲು, ಮುಗಿದು ಅದಕ್ಕೆ ಹೊಸ ಹಾಸಿನ ನೂಲನ್ನು ಎಳೆ ಎಳೆಯಾಗಿ ಗಂಟು ಹಾಕುವ ಹೊತ್ತು, ಆ ಕೆಲಸಕ್ಕೆ ಮನೆಯಲ್ಲಿ ಯಾರು ಕೂರುತ್ತಾರೆ, ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವವರು ಯಾರು. ಹೆಚ್ಚಾಗಿ ಮನೆಯ ಹೆಂಗಸರು, ಮತ್ತು ಹೆಚ್ಚಾಗಿ ಅವರು ಯಾವ ಸಂದರ್ಶನದಲ್ಲೂ ಇರೋದಿಲ್ಲ. ನಿಮ್ಮದರಲ್ಲಿ ಇದ್ದಾರಾ? ಇಂಥ ಎರಡು ಮೂರು ದೃಶ್ಯ ಪೂರ್ತಿಯಾಗಿ, ಶುರುವಿನಿಂದ ಮುಗಿಯುವ ತನಕ ತೆಗೆದರೆ ಮಾತನ್ನು ಎಲ್ಲಿ ಇಡಬೇಕು ಅನ್ನೋದು ತಾನಾಗೇ ತಿಳಿಯುತ್ತದೆ. ಶಾಟ್ ಹಿಡಿದಾಗ ಅವಸರ ಬೇಡ, ಹತ್ತು ಸೆಕೆಂಡ್‌ಗೆ ಮೊದಲು ಕದಲಬೇಡಿ. ಉತ್ತರ ಮುಗಿದ ತಕ್ಷಣ ಕ್ಯಾಮೆರಾ ನಿಲ್ಲಿಸಬೇಡಿ. ಮಾತು ಮುಗಿಸಿ ಮನುಷ್ಯ ಸುಮ್ಮನಾಗುವ ಆ ಕೆಲವು ಸೆಕೆಂಡುಗಳನ್ನೇ ಎಡಿಟ್‌ನಲ್ಲಿ ನಾವು ಹುಡುಕ್ತಾ ಇರ್ತೀವಿ.

ಇರುವ ಫುಟೇಜ್‌ಗೆ ಉಪಾಯ ಬೇಸರದ್ದು, ಆದರೆ ಅಡ್ಡದಾರಿ ಇಲ್ಲ. ಎಲ್ಲವನ್ನೂ ಕೂತು ನೋಡಿ, ಮಾತನ್ನೆಲ್ಲ ಸಮಯದ ಗುರುತಿನ ಜೊತೆ ಬರೆದುಕೊಳ್ಳಿ. ಅಜ್ಜಾರು ಆಡಿದ ಹಾಗೇ ಬರೆಯಿರಿ, ಪುಸ್ತಕದ ಭಾಷೆಗೆ ತಿದ್ದಬೇಡಿ. ಯಂತ್ರ ಬರೆದುಕೊಡುವ ಪಠ್ಯ ಬಾಗಲಕೋಟೆ ಕಡೆ ಮಾತಿಗೆ ಬಂದರೆ ಎಡವುತ್ತದೆ, ಅದರ ಮೇಲೆ ಕಣ್ಣಿಟ್ಟಿರಿ. ಆಮೇಲೆ ಕಂಪ್ಯೂಟರ್ ಮುಚ್ಚಿ, ಕಾಗದದ ಮೇಲೆ ಜೋಡಿಸಿ. ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇಡೀ ಚಿತ್ರ ಮುಗಿಸೋಕೆ ಧಾರಾಳ ಸಾಕು. ಉದ್ದ 10 ನಿಮಿಷದ ಆಸುಪಾಸು ಇಟ್ಟುಕೊಳ್ಳಿ. ಪ್ರಾಜೆಕ್ಟ್‌ಗೆ ಅರ್ಧ ಗಂಟೆ ಬೇಕು ಅಂದರೆ ಅದನ್ನು ಬೇರೆಯಾಗಿ ಮಾಡಿ ಕೊಡಿ, ಪೋರ್ಟ್‌ಫೋಲಿಯೊಗೆ ಗಿಡ್ಡದ್ದೇ ಇರಲಿ.

ಅಂದ ಹಾಗೆ, 'ಮತ್ತೊಮ್ಮೆ ಮಾಡಿ ತೋರಿಸಿ' ಅನ್ನೋದು ಮೋಸ ಅಂತ ಯಾರಾದರೂ ಹೇಳಿದರೆ ತಲೆ ಕೆಡಿಸಿಕೊಳ್ಳಬೇಡಿ. ಈ ಬಗೆಯ ಚಿತ್ರಗಳಿಗೆ ಮೂಲಪುರುಷ ಅನ್ನಿಸಿಕೊಂಡ ರಾಬರ್ಟ್ ಫ್ಲಾಹರ್ಟಿ, 1922ರಲ್ಲಿ ಬಿಡುಗಡೆಯಾದ 'ನಾನೂಕ್ ಆಫ್ ದಿ ನಾರ್ತ್' ಚಿತ್ರಕ್ಕೆ, ಹಿಮದ ಮನೆಯೊಳಗೆ ಬೆಳಕು ಸಾಲದು ಅಂತ ಒಂದು ಕಡೆ ಗೋಡೆಯೇ ಇಲ್ಲದ ಮನೆ ಕಟ್ಟಿಸಿ ಶೂಟ್ ಮಾಡಿದ್ದ. ಆದರೆ ಅದೇ ಮನುಷ್ಯ, ಬಂದೂಕು ಬಳಸುತ್ತಿದ್ದ ಜನರ ಕೈಗೆ ಹಳೆ ಕಾಲದ ಭರ್ಜಿ ಕೊಟ್ಟು ಬೇಟೆ ಆಡಿಸಿದ್ದ. ಅದಕ್ಕೆ ಇವತ್ತಿಗೂ ಬೈಸಿಕೊಳ್ತಾನೆ. ದಿನವೂ ಮಾಡುವ ಕೆಲಸವನ್ನು ಇನ್ನೊಮ್ಮೆ ಮಾಡಿಸುವುದು ಒಂದು, ಬಿಟ್ಟು ವರ್ಷಗಳಾದ ಕೆಲಸವನ್ನು ಇವತ್ತೂ ಮಾಡುತ್ತಾರೆ ಅಂತ ತೋರಿಸುವುದು ಇನ್ನೊಂದು.

ಈಗ ಕಷ್ಟದ ಭಾಗ, ಸಾಲದ ಮಾತು.

ಸಹಿ ಇದೆ ಅಂದಿರಿ. ಸಹಿಯಿಂದ ನಿಮಗೆ ಕಾನೂನಿನ ಆಸರೆ ಸ್ವಲ್ಪ ಸಿಗಬಹುದು. ಆದರೆ ಅಜ್ಜಾರು ಸಹಿ ಹಾಕುವಾಗ ಏನಕ್ಕೆ ಒಪ್ಪಿದರು? ಬಹಳ ಮಾಡಿ 'ನಮ್ಮ ಖಣದ ಬಗ್ಗೆ ಹುಡುಗ ಏನೋ ಮಾಡ್ತಾನಂತೆ' ಅಂತ. ಪತ್ರ ಇಂಗ್ಲಿಷ್‌ನಲ್ಲಿದ್ದರಂತೂ ಅದೂ ಅನುಮಾನವೇ. ಮಗ ಯಾಕೆ ಹೆದರಿದ್ದಾರೆ ಅಂತ ನೋಡಿ. ಮಜೂರಿ ಮೇಲೆ ನೇಯುವವರಿಗೆ ನೂಲು ಕೊಡುವವರು ಮಾಲೀಕರು, ನೇಯ್ದದ್ದನ್ನು ತಗೊಳ್ಳುವವರೂ ಅವರೇ, ಕಷ್ಟಕ್ಕೆ ಮುಂಗಡ ಕೊಡುವವರೂ ಹೆಚ್ಚಾಗಿ ಅವರೇ. ನಿಮ್ಮ ಚಿತ್ರ ಮೊಬೈಲ್‌ನಿಂದ ಮೊಬೈಲ್‌ಗೆ ಹೋಗಿ ಅವರ ಕೈ ಸೇರೋದಕ್ಕೆ ಒಂದು ದಿನ ಸಾಕು. ಮರುವಾರ ನೂಲು ಬರದೇ ಹೋದರೆ ಅದಕ್ಕೆ ಕಾರಣ ಅಂತ ಯಾರೂ ಬಾಯಿಬಿಟ್ಟು ಹೇಳೋದೂ ಇಲ್ಲ. ಜೊತೆಗೆ ಮನೆಯಲ್ಲಿ ಮದುವೆ ಮಾತುಕತೆ ನಡೀತಿದ್ದರೆ ಸಾಲದ ಸುದ್ದಿ ಊರಿಗೆಲ್ಲ ಗೊತ್ತಾಗೋದು ಬೇಡ ಅನ್ನಿಸೋದು ಸಹಜ. ಹಾಗಾಗಿ ಅವರ ಫೋನ್ ನಿಮಗೆ ಅಡ್ಡಿ ಅಂತ ತಿಳೀಬೇಡಿ, ಅವರ ಲೆಕ್ಕ ನಿಮ್ಮದಕ್ಕಿಂತ ನಿಖರವಾಗಿದೆ.

ಏನು ಮಾಡಬಹುದು? ಮುಖ ಮಸುಕು ಮಾಡಿ ಇಟ್ಟುಕೊಳ್ಳೋದು ಮೊದಲು ಹೊಳೆಯುತ್ತದೆ. ಗುಳೇದಗುಡ್ಡದಂಥ ಊರಲ್ಲಿ ಅದು ನಡೆಯೋದಿಲ್ಲ. ದನಿ, ಮಗ್ಗ, ಬಾಗಿಲ ಬಣ್ಣ, ಯಾವುದರಿಂದಲಾದರೂ ಗುರುತು ಹತ್ತುತ್ತದೆ. ಮಸುಕು ಮಾಡಿದ ಮುಖ ಇನ್ನಷ್ಟು ಕುತೂಹಲ ಹುಟ್ಟಿಸುತ್ತದೆ ಅಷ್ಟೇ. ಊರಲ್ಲಿ ತೋರಿಸದೆ ಹೊರಗಿನ ಫೆಸ್ಟಿವಲ್‌ಗೆ ಮಾತ್ರ ಕಳಿಸ್ತೀನಿ ಅನ್ನೋದೂ ನಿಲ್ಲುವ ಮಾತಲ್ಲ, ಒಮ್ಮೆ ಕೈ ಬಿಟ್ಟ ಲಿಂಕ್ ಎಲ್ಲಿಗೆ ಹೋಗುತ್ತದೆ ಅನ್ನೋದು ನಮ್ಮ ಹಿಡಿತದಲ್ಲಿಲ್ಲ. ಸಹಿ ತೋರಿಸಿ ಸುಮ್ಮನಾಗಿಸಬಹುದು. ಹಾಗೆ ಮಾಡಿದರೆ ಆ ಓಣಿಯಲ್ಲಿ ನಿಮಗಷ್ಟೇ ಅಲ್ಲ, ನಿಮ್ಮ ಹಿಂದೆ ಕ್ಯಾಮೆರಾ ಹಿಡಿದು ಬರುವ ಯಾರಿಗೂ ಬಾಗಿಲು ತೆರೆಯೋದಿಲ್ಲ.

ನಾನಾಗಿದ್ದರೆ ಮೊದಲು ಊರಿಗೆ ಹೋಗ್ತಿದ್ದೆ, ಫೋನ್‌ನಲ್ಲಿ ಬಗೆಹರಿಸೋಕೆ ನೋಡ್ತಿರಲಿಲ್ಲ. ಆ ಭಾಗ ಸೇರಿಸಿದ ಕರಡನ್ನು ಅಜ್ಜಾರಿಗೆ, ಮಗನಿಗೆ ಇಬ್ಬರಿಗೂ ಕೂರಿಸಿ ತೋರಿಸಿ. ಮಾತಾಡಿದವರು ಅಜ್ಜಾರು, ಹಾಗಾಗಿ ಅವರ ಅಭಿಪ್ರಾಯ ಅವರ ಬಾಯಿಂದಲೇ ಬರಲಿ. ಇದನ್ನು ನೋಡಿದರೆ ಮಾಲೀಕರು ಏನನ್ನಬಹುದು ಅಂತ ನೀವೇ ಕೇಳಿ, ಮುಚ್ಚಿಡಬೇಡಿ. ಎಲ್ಲ ತಿಳಿದೂ ಇರಲಿ ಅಂದರೆ ಇರಲಿ, ಅದನ್ನು ಅವರ ಭಾಷೆಯಲ್ಲಿ ಬರೆದು, ಓದಿ ಹೇಳಿ, ಕ್ಯಾಮೆರಾ ಎದುರೂ ಹೇಳಿಸಿಕೊಳ್ಳಿ. ಬೇಡ ಅಂದರೆ ತೆಗೆದುಬಿಡಿ. ಆಗಲೂ ವಿಷಯ ಸಾಯೋದಿಲ್ಲ. ಮಜೂರಿ ಪದ್ಧತಿ ಹೇಗೆ ನಡೆಯುತ್ತದೆ ಅನ್ನೋದನ್ನು ನೇಕಾರರ ಸಂಘಟನೆಯವರೋ, ಈ ಕೆಲಸ ಬಿಟ್ಟು ಬೇರೆ ಉದ್ಯೋಗಕ್ಕೆ ಹೋದವರೋ ಹೇಳಬಹುದು. ಅವರಿಗೆ ಕಳಕೊಳ್ಳೋದು ಕಡಿಮೆ. ಅಥವಾ ಮಜೂರಿ ಎಣಿಸುವ ಕೈಗಳ ದೃಶ್ಯ, ಅದರ ಪಕ್ಕದಲ್ಲಿ ಅಂಗಡಿಯಲ್ಲಿ ಅದೇ ಖಣದ ಬೆಲೆ ಚೀಟಿ. ಯಾರೂ ಬಾಯಿ ತೆರೆಯಬೇಕಿಲ್ಲ. ಸತ್ಯವಾಗಿ ಹೇಳಬೇಕೆಂದರೆ 'ಇದೇ ಚಿತ್ರದ ಜೀವ' ಅಂತ ವಿದ್ಯಾರ್ಥಿಗಳು ಹಿಡಿದುಕೊಂಡ ಭಾಗ ಎಷ್ಟೋ ಸಲ ಅವರು ತುಂಬಾ ಕಷ್ಟಪಟ್ಟು ಪಡೆದ ಭಾಗ ಆಗಿರುತ್ತದೆ, ನೋಡುವವರಿಗೆ ಅದಕ್ಕಿಂತ ಬೇರೆ ಯಾವುದೋ ಹಿಡಿಸಿರುತ್ತದೆ.

ಮತ್ತೆ ಇದೇ ನಿಮ್ಮ ಪೋರ್ಟ್‌ಫೋಲಿಯೊ ಕೂಡ. ಕೆಲಸ ಕೊಡುವವರು ನಿಮ್ಮನ್ನು ಯಾರದೋ ಮನೆಗೆ ಕಳಿಸಬೇಕು. ಈ ಹುಡುಗನನ್ನು ಜನ ಒಳಗೆ ಬಿಡ್ತಾರಾ, ಎರಡನೇ ಸಲವೂ ಬಿಡ್ತಾರಾ, ಅಲ್ಲಿ ಏನು ಉಳಿಸಬೇಕು ಏನು ಬಿಡಬೇಕು ಅಂತ ಇವನಿಗೆ ಗೊತ್ತಾ ಅನ್ನೋದನ್ನೇ ನಾವು ಹುಡುಕೋದು. ದಡಬಡ ಸಂಗೀತ ಹಾಕಿ, ಡ್ರೋನ್, ಸ್ಲೋ ಮೋಷನ್ ಜೋಡಿಸಿದ ಎರಡು ನಿಮಿಷದ ಶೋರೀಲ್‌ನಲ್ಲಿ ಇದ್ಯಾವುದೂ ಕಾಣಿಸೋದಿಲ್ಲ. ಜಾಹೀರಾತು ಕೆಲಸಕ್ಕೆ ಅದು ಸರಿ. ಸಾಕ್ಷ್ಯಚಿತ್ರಕ್ಕೆ ಅಂತಾದರೆ ಒಂದು ಮುಗಿಸಿದ ಚಿತ್ರ ಇಡಿ, ಅದರ ಜೊತೆ ಹೆಚ್ಚು ಕತ್ತರಿಸದ ಒಂದೇ ದೃಶ್ಯ ಎರಡು ಮೂರು ನಿಮಿಷದ್ದು ಇಡಿ, ನಿಮ್ಮ ಪಾಲಿನ ಕೆಲಸ ಏನು ಅಂತ ಅರ್ಧ ಪುಟ ಬರೆಯಿರಿ. ಗುಂಪಿನಲ್ಲಿ ಮಾಡಿದ್ದಾದರೆ ಕ್ಯಾಮೆರಾ ನನ್ನದು, ಎಡಿಟ್ ಗೆಳತಿಯದು ಅಂತ ಬಿಡಿಸಿ ಹೇಳಿ. ಇದು ಚಿಕ್ಕ ಕ್ಷೇತ್ರ, ಎಲ್ಲರಿಗೂ ಎಲ್ಲರೂ ಗೊತ್ತು. ಅಪೂರ್ಣ ಚಿತ್ರ ಐದು ಇದ್ದರೂ ಲೆಕ್ಕಕ್ಕಿಲ್ಲ.

ಫೆಸ್ಟಿವಲ್ ಬಗ್ಗೆ. ಆನ್‌ಲೈನ್‌ನಲ್ಲಿ ಫೀ ಕಟ್ಟಿದವರಿಗೆಲ್ಲ 'ಆಯ್ಕೆಯಾಗಿದೆ' ಅನ್ನುವ ಗುರುತಾಗಿ ಲಾರೆಲ್ ಎಲೆಯ ಚಿತ್ರ ಕಳಿಸುವ, ಒಂದೂ ಪ್ರದರ್ಶನ ನಡೆಸದ 'ಫೆಸ್ಟಿವಲ್'ಗಳು ಬೇಕಾದಷ್ಟಿವೆ. ಪೋಸ್ಟರ್ ತುಂಬ ಅಂಥ ಎಲೆ ಇದ್ದರೆ ನೋಡುವವರಿಗೆ ಅನುಮಾನವೇ ಬರುತ್ತದೆ. ಕಟ್ಟುವ ಮೊದಲು ಹೋದ ವರ್ಷ ಎಲ್ಲಿ, ಯಾವ ಹಾಲ್‌ನಲ್ಲಿ ತೋರಿಸಿದರು ನೋಡಿ. ತಿರುವನಂತಪುರದಲ್ಲಿ ಕೇರಳದ ಚಲಚಿತ್ರ ಅಕಾಡೆಮಿ 2008ರಿಂದ ನಡೆಸುವ ಸಾಕ್ಷ್ಯಚಿತ್ರ ಮತ್ತು ಕಿರುಚಿತ್ರೋತ್ಸವ, 1990ರಲ್ಲಿ ಶುರುವಾದ ಮುಂಬೈ ಅಂತರರಾಷ್ಟ್ರೀಯ ಚಿತ್ರೋತ್ಸವ (ಮಿಫ್), ಕಠ್ಮಂಡುವಿನ ಫಿಲ್ಮ್ ಸೌತ್ ಏಷ್ಯಾ, ಇಂಥವು ಗುರಿ ಇಟ್ಟುಕೊಳ್ಳೋಕೆ ತಕ್ಕವು. ಆಯ್ಕೆ ಆಗದಿದ್ದರೂ ಒಮ್ಮೆ ಹೋಗಿ ಕೂತು ನೋಡಿ ಬನ್ನಿ. ಅಲ್ಲಿವರೆಗೆ ಚಿತ್ರವನ್ನು ಯೂಟ್ಯೂಬ್‌ಗೆ ಹಾಕಬೇಡಿ, ಎಲ್ಲರಿಗೂ ತೆರೆದಿಟ್ಟ ಚಿತ್ರವನ್ನು ಕೆಲವು ಫೆಸ್ಟಿವಲ್‌ಗಳು ತಗೊಳ್ಳೋದಿಲ್ಲ. ಪಾಸ್‌ವರ್ಡ್ ಇರುವ ಲಿಂಕ್ ಸಾಕು. ಕಳಿಸೋ ಮೊದಲು ವಿಭಾಗದಲ್ಲಿ ಕೇಳಿ, ಪ್ರಾಜೆಕ್ಟ್ ಚಿತ್ರದ ಹಕ್ಕು ನಿಮ್ಮದಾ, ಸಂಸ್ಥೆಯದಾ ಅಂತ. ಉತ್ತರ ಬರಹದಲ್ಲಿ ತಗೊಳ್ಳಿ. ಹಿನ್ನೆಲೆಯಲ್ಲಿ ರೇಡಿಯೋದ ಸಿನಿಮಾ ಹಾಡು ಕೇಳಿಸ್ತಿದ್ದರೆ ಅದಕ್ಕೂ ಹಕ್ಕಿನ ತಂಟೆ ಇದೆ, ಆದಷ್ಟು ಆ ಭಾಗ ಬಳಸಬೇಡಿ. ಇಂಗ್ಲಿಷ್ ಸಬ್‌ಟೈಟಲ್‌ಗೆ ನಿಮ್ಮ ಕಡೆ ಮಾತು ಬಲ್ಲವರನ್ನೇ ಹಿಡಿಯಿರಿ.

ಇದರಲ್ಲೇ ಬದುಕಬಹುದಾ ಅಂದರೆ, ಬರೀ ತಮ್ಮ ಸಾಕ್ಷ್ಯಚಿತ್ರದಿಂದ ಮನೆ ನಡೆಸುವವರು ನಮ್ಮಲ್ಲಿ ತೀರಾ ಕಡಿಮೆ. ಹೆಚ್ಚಿನವರು ಸಂಸ್ಥೆಗಳಿಗೆ ಚಿತ್ರ ಮಾಡ್ತಾರೆ, ಪಾಠ ಹೇಳ್ತಾರೆ, ಮದುವೆ ಶೂಟ್ ಮಾಡ್ತಾರೆ, ಮಧ್ಯೆ ತಮ್ಮದನ್ನು ಮಾಡ್ತಾರೆ. ಮೊದಲ ಕೆಲಸವಾಗಿ ಸೌಂಡ್ ಅಥವಾ ಎಡಿಟ್ ಸಹಾಯಕರಾಗಿ ಸೇರೋದು ಒಳ್ಳೇದು. ಸೌಂಡ್ ಹಿಡಿಯೋಕೆ ಒಪ್ಪುವವರು ಕಡಿಮೆ, ಹಾಗಾಗಿ ಬಾಗಿಲು ಬೇಗ ತೆರೆಯುತ್ತದೆ. ಮುಂದೆ ಓದುವ ಆಸೆ ಇದ್ದರೆ ಪುಣೆಯ ಎಫ್‌ಟಿಐಐ, ಕೋಲ್ಕತ್ತಾದ ಎಸ್‌ಆರ್‌ಎಫ್‌ಟಿಐ ಅನ್ನುವ ಸರ್ಕಾರಿ ಸಿನಿಮಾ ಶಾಲೆಗಳಿಗೆ ಮೊದಲ ಸುತ್ತು ಲಿಖಿತ ಪರೀಕ್ಷೆ, ಅಲ್ಲಿ ಕ್ಯಾಮೆರಾ ಯಾವುದು ಅಂತ ಯಾರೂ ಕೇಳೋದಿಲ್ಲ. ಹೊಸ ಚಿತ್ರಕ್ಕೆ ಧನಸಹಾಯ ಬೇಕಾದರೆ ಬೆಂಗಳೂರಿನ ಇಂಡಿಯಾ ಫೌಂಡೇಶನ್ ಫಾರ್ ದಿ ಆರ್ಟ್ಸ್ ನೋಡಿ, ಅರ್ಜಿಯನ್ನು ಕನ್ನಡದಲ್ಲೇ ಬರೆಯಬಹುದು.

ಕೊನೆಗೆ ನೀವು ಕೇಳದ ಒಂದು ವಿಷಯ. ಆ 16 ಗಂಟೆ ಈಗ ಎಲ್ಲಿದೆ? ಫೋನ್‌ನಲ್ಲೋ, ಒಂದೇ ಲ್ಯಾಪ್‌ಟಾಪ್‌ನಲ್ಲೋ ಇದ್ದರೆ ಈ ಉತ್ತರ ಓದೋದನ್ನು ನಿಲ್ಲಿಸಿ. ಸೆಕೆಂಡಿಗೆ 100 ಮೆಗಾಬಿಟ್‌ನಲ್ಲಿ ತೆಗೆದಿದ್ದರೂ ಗಂಟೆಗೆ 45 ಜಿಬಿ, ಒಟ್ಟು 720 ಜಿಬಿ ಆಗುತ್ತದೆ. ಒಂದು ಟಿಬಿಯ ಎರಡು ಡ್ರೈವ್ ತನ್ನಿ, ಎರಡಕ್ಕೂ ಕಾಪಿ ಮಾಡಿ, ಒಂದನ್ನು ಬೇರೆ ಮನೆಯಲ್ಲಿ ಇಡಿ. ಕ್ಯಾಮೆರಾ ಸಾಲದ ಮೊದಲ ಕಂತಿನ ದುಡ್ಡಿನಲ್ಲೇ ಈ ಕೆಲಸ ಹೆಚ್ಚುಕಡಿಮೆ ಮುಗಿಯುತ್ತದೆ.